ಬಲೆ ಬೀಸದ ಕೋಳಿ

ಘಟಸ್ಥಾಪನೆಯ ಹಿಂದಿನ ದಿನ. ನಸುಕಿನ ಐದು ಗಂಟೆಗೇ ಕಲ್ಯಾಣದ ಹೂವಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ಮಾಳಶೇಜ್ ಘಾಟಿ ಇಳಿದು ಬಂದ ಟೆಂಪೊಗಳು ಹಿಂಬಾಗಿಲು ತೆರೆದು ನಿಂತಿವೆ. ಚೆಂಡುಹೂವಿನ ಮೂಟೆಗಳು ಒಂದರ ಮೇಲೊಂದು ಉರುಳಿ ಕೇಸರಿ ಗುಡ್ಡೆಯಾಗಿವೆ. ನೆಲದ ತುಂಬ ತುಳಿದ ಎಸಳು, ಒದ್ದೆ ಗೋಣಿ, ಚಹಾದ ಕಾಗದದ ಲೋಟ. ನಾನು ಒಂದು ಕಿಲೊ ಬಿಳಿ ಸೇವಂತಿಗೆಗೆ ಚೌಕಾಸಿ ಮಾಡುತ್ತಿದ್ದೆ. ಹೂ ತೂಗುತ್ತಿದ್ದ ಹೆಂಗಸು ತಕ್ಕಡಿಯನ್ನು ತಡೆದು ಹಿಡಿದಳು.

‘ಫುಲಾತ್ ಕೋಳಿ ಆಹೆ, ಸಾಹೇಬ್. ಝಾಡೂನ್ ಘ್ಯಾ.’

ಹೂವಿನಲ್ಲಿ ಕೋಳಿ ಇದೆ, ಕೊಡವಿಕೊಂಡು ಒಯ್ಯಿ ಎನ್ನುತ್ತಿದ್ದಾಳೆ. ಕುಂದಾಪುರ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಬಿಡಾರ ಹೂಡಿದ ಹೊಸತರಲ್ಲಿ ಈ ಮಾತು ಕೇಳಿದ್ದರೆ ಬುಟ್ಟಿಯೊಳಗೆ ಹುಂಜ ಹುಡುಕುತ್ತಿದ್ದೆನೇನೋ. ಮರಾಠಿಯಲ್ಲಿ ಕೋಳಿ ಎಂದರೆ ಮೀನುಗಾರ, ಕೋಳಿ ಎಂದರೆ ಜೇಡವೂ ಹೌದು. ಥಾಣೆಯ ಚೆಂದನಿ ಕೋಳಿವಾಡದಿಂದ ಖಾರಿಯ ಅಂಚಿನ ಊರುಗಳವರೆಗೆ ಬಲೆ ಬೀಸಿ ಬದುಕಿದ ಜನಕ್ಕೂ, ಮಾಡಿನ ಮೂಲೆಯಲ್ಲಿ ಬಲೆ ನೇಯ್ದು ಬದುಕುವ ಹುಳಕ್ಕೂ ಆ ಭಾಷೆ ಒಂದೇ ಹೆಸರು ಕೊಟ್ಟಿದೆ.

ಆದರೆ ತಕ್ಕಡಿಯಲ್ಲಿ ಕೂತಿದ್ದ ಈ ಕೋಳಿ ಜನ್ಮದಲ್ಲಿ ಬಲೆ ಬೀಸಿದ್ದಲ್ಲ. ಕಡಲೆಕಾಳಿನಷ್ಟು ಗಾತ್ರ, ಹಾಲಿನ ಬಿಳುಪು. ಎಸಳಿನ ನಡುವೆ ಅಲುಗದೆ ಕೂತಿದ್ದ ಅದನ್ನು ಆ ಹೆಂಗಸಿನ ಬೆರಳು ಕಂಡುಹಿಡಿಯಿತೇ ಹೊರತು ನನ್ನ ಕಣ್ಣಲ್ಲ. ನಾನು ಬೆರಳು ಹತ್ತಿರ ತಂದದ್ದೇ ತಡ, ಮುಂಗಾಲುಗಳನ್ನು ಎರಡೂ ಬದಿಗೆ ಅಗಲಿಸಿ ಅಡ್ಡಡ್ಡಕ್ಕೆ ಸರಿಯಿತು, ಥೇಟು ಹೊಳೆದಂಡೆಯ ಏಡಿಯ ಹಾಗೆ. ಏಡಿಜೇಡ. ಹೂವಿನ ಸಮೇತ ಅದನ್ನೊಂದು ಖಾಲಿ ಪೇಡೆಯ ಡಬ್ಬಿಗೆ ಹಾಕಿಕೊಂಡೆ. ಹೂವಿನಾಕೆ ನನ್ನನ್ನು ಒಂದು ಕ್ಷಣ ನೋಡಿ, ತೂಕಕ್ಕೆ ಇನ್ನೆರಡು ಹೂ ಹೆಚ್ಚಿಗೆ ಹಾಕಿದಳು.

ಮನೆಯಲ್ಲಿ ಸ್ವಾಗತ ಅಷ್ಟು ಚೆನ್ನಾಗಿರಲಿಲ್ಲ. ‘ಎಂತದು ಮಾರ್ರೆ, ದೇವರ ಹೂವಿನಲ್ಲಿ ಹುಳ ತಂದಿದ್ದೀರಲ್ಲ?’ ಎಂದಳು ಹೆಂಡತಿ. ಬಾಲ್ಕನಿಯ ಕುಂಡದಲ್ಲಿ ನಮ್ಮದೇ ಒಂದು ಬಿಳಿ ಸೇವಂತಿಗೆ ಗಿಡವಿತ್ತು. ಡಬ್ಬಿಯನ್ನು ಅದರ ಬುಡದಲ್ಲಿ ತೆರೆದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಜೇಡ ದಂಟು ಹತ್ತಿ, ಎರಡನೆಯ ಹೂವನ್ನು ಆರಿಸಿಕೊಂಡು ಕೂತಿತ್ತು.

ಭೂತಗನ್ನಡಿ ಹಿಡಿದು ನೋಡಿದರೆ ಅದೊಂದು ಬೇರೆಯೇ ಪ್ರಾಣಿ. ಎಂಟು ಕಾಲುಗಳಲ್ಲಿ ಮುಂದಿನ ನಾಲ್ಕು ಉದ್ದ, ದಪ್ಪ. ಅಪ್ಪಿಕೊಳ್ಳಲು ತೆರೆದ ತೋಳುಗಳಂತೆ ಸದಾ ಚಾಚಿಯೇ ಇರುತ್ತವೆ. ಹಿಂದಿನ ನಾಲ್ಕು ಗಿಡ್ಡ, ಎಸಳನ್ನು ಕಚ್ಚಿ ಹಿಡಿಯಲಷ್ಟೇ ಅವು ಇರುವುದು. ಹೊಟ್ಟೆ ಹಿಂದಕ್ಕೆ ಹೋದಂತೆ ಅಗಲವಾಗುವ ಮೊರದ ಆಕಾರ. ತಲೆಯ ಎರಡು ಮೂಲೆ ಕೋಡಿನಂತೆ ಎದ್ದಿವೆ, ಆ ಕೋಡುಗಳ ಮೇಲೂ ಕಣ್ಣುಗಳು. ಒಟ್ಟು ಎಂಟು ಕಣ್ಣು, ಎರಡು ಸಾಲು. ಈ ಕೋಡು, ಈ ಮೊರ, ಈ ಗಾತ್ರ ನೋಡಿದರೆ ಇದು ಥೊಮಿಸಸ್ ಕುಲದ ಹೆಣ್ಣೆಂದು ಊಹಿಸಬಹುದು. 1805ರಲ್ಲಿ ಫ್ರಾನ್ಸಿನ ವಾಲ್ಕೆನೇರ್ ಕೊಟ್ಟ ಕುಲನಾಮ ಅದು. ಗಂಡಾಗಿದ್ದರೆ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಈ ಕುಲದ ಗಂಡುಗಳು ಕಂದುಬಣ್ಣದ ಚೂರುಗಳು. ಹೆಣ್ಣಿನ ಬೆನ್ನ ಮೇಲೆ ಹತ್ತಿ ಕೂತರೆ ಮಗುವಿನಂತೆ ಕಾಣುವಷ್ಟು ಸಣ್ಣವು.

ಮರುದಿನ ಹತ್ತು ಗಂಟೆಯ ಬಿಸಿಲಿಗೆ ಒಂದು ಕೋಲುಜೇನು ಬಂತು. ಮೊದಲ ಹೂವಿಗೆ ಕೂತಿತು, ಎದ್ದಿತು. ಎರಡನೆಯದಕ್ಕೆ ಬಂದು ನಡುವಿನ ಹಳದಿಗೆ ಮೂತಿ ಇಟ್ಟಿತು. ಚಾಚಿದ್ದ ತೋಳುಗಳು ಮುಚ್ಚಿಕೊಂಡದ್ದು ನನಗೆ ಕಾಣಲಿಲ್ಲ, ಮುಚ್ಚಿಕೊಂಡಿದ್ದಷ್ಟೇ ಕಂಡಿತು. ಜೇಡದ ಬಾಯಿ ಜೇನಿನ ಕತ್ತಿನ ಹಿಂಬದಿಗೆ ಸರಿಯಾಗಿ ಸೇರಿತ್ತು. ಒಂದೆರಡು ಸಲ ರೆಕ್ಕೆ ಗುಂಯ್‌ಗುಟ್ಟಿ ನಿಂತಿತು. ಆಮೇಲೆ ಬಹಳ ಹೊತ್ತು ಏನೂ ನಡೆಯಲಿಲ್ಲ, ಅಂದರೆ ಊಟ ನಡೆಯಿತು. ಏಡಿಜೇಡ ಅಗಿಯುವುದಿಲ್ಲ, ಕಚ್ಚಿದ ತೂತಿನಿಂದಲೇ ಒಳಗಿನದನ್ನು ಹೀರುತ್ತದೆ. ಸಂಜೆ ಕುಂಡದ ಮಣ್ಣಿನಲ್ಲಿ ಬಿದ್ದಿದ್ದ ಜೇನು ರೆಕ್ಕೆ, ಕಾಲು, ಮೀಸೆ ಯಾವುದೂ ಮುರಿಯದೆ ಜೀವಂತವಿರುವಂತೆಯೇ ಇತ್ತು. ಊದಿದರೆ ಹಾರಿಹೋಗುವಷ್ಟು ಹಗುರ.

ಬಿಳಿ ಹೂವಿನ ಮೇಲೆ ಬಿಳಿ ಜೇಡ: ಅಡಗಿ ಕೂತು ಮೋಸ ಮಾಡುತ್ತದೆ ಎಂದು ನಾವು ತೀರ್ಮಾನಿಸುತ್ತೇವೆ. ಆದರೆ ಅದು ನಮ್ಮ ಕಣ್ಣಿನ ತೀರ್ಮಾನ. ಜೇನಿಗೆ ನಮಗೆ ಕಾಣದ ಅತಿನೇರಳೆ ಬಣ್ಣವೂ ಕಾಣುತ್ತದೆ. ಆಸ್ಟ್ರೇಲಿಯದ ಥೊಮಿಸಸ್ ಸ್ಪೆಕ್ಟಾಬಿಲಿಸ್ ಎಂಬ ಏಡಿಜೇಡವನ್ನು ಸೇವಂತಿಗೆಯ ಬಂಧುವಾದ ಬಿಳಿ ಡೇಸಿ ಹೂವಿನ ಮೇಲೆ ಕೂರಿಸಿ ನೋಡಿದ ಹೈಲಿಂಗ್, ಹರ್ಬರ್‌ಸ್ಟೈನ್, ಚಿಟ್ಕಾ ಎಂಬ ವಿಜ್ಞಾನಿಗಳು 2003ರ ‘ನೇಚರ್’ ಪತ್ರಿಕೆಯಲ್ಲಿ ವಿಚಿತ್ರವೊಂದನ್ನು ವರದಿ ಮಾಡಿದರು. ಆ ಜೇಡದ ಮೈ ಅತಿನೇರಳೆ ಕಿರಣವನ್ನು ಪ್ರತಿಫಲಿಸುತ್ತದೆ, ಜೇನಿನ ಕಣ್ಣಿಗೆ ಹೂವಿಗಿಂತ ಎದ್ದು ಕಾಣುತ್ತದೆ. ಜೇನುಗಳು ಖಾಲಿ ಹೂವಿಗಿಂತ ಜೇಡ ಕೂತ ಹೂವಿಗೇ ಹೆಚ್ಚು ಮುಗಿಬೀಳುತ್ತವೆ. ನಮಗೆ ಕಾಣದ ಜೇಡ ಜೇನಿಗೆ ಅಂಗಡಿಯ ದೀಪದ ಬೋರ್ಡು!

ಏಡಿಜೇಡಗಳ ಕುಟುಂಬಕ್ಕೆ ಥೊಮಿಸಿಡೆ ಎಂದು ಹೆಸರು. ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಸಂಸಾರ, ಉಷ್ಣವಲಯದಲ್ಲಿ ಅದರ ವೇಷಗಳಿಗೆ ಲೆಕ್ಕವಿಲ್ಲ. ಮಳೆ ನಿಂತ ಮೇಲೆ ಖಾರಘರ್ ಗುಡ್ಡದ ಹುಲ್ಲಿನಲ್ಲಿ ಬಗ್ಗಿ ನೋಡಿದರೆ, ಒಣ ಕಡ್ಡಿಯ ಮೇಲೆ ಕಾಲು ಹಿಂದೆ ಮುಂದೆ ಉದ್ದಕ್ಕೆ ಚಾಚಿ ತಾನೂ ಕಡ್ಡಿಯೇ ಆಗಿಹೋದ ಜೇಡ ಸಿಗುತ್ತದೆ. ಥಾಣೆಯ ಯೇವೂರ್ ಕಾಡಿನಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳ ಸಾಲಿನ ಪಕ್ಕ ಒಂದು ಇರುವೆ ಸ್ವಲ್ಪ ಬೇರೆ ಥರ ನಡೆಯುತ್ತದೆ. ಕಾಲು ಎಣಿಸಿದರೆ ಎಂಟು. ಅದು ಅಮಿಸಿಯ ಎಂಬ ಏಡಿಜೇಡ. ಮೈ ಇರುವೆಯ ಕೆಂಪು. ಹೊಟ್ಟೆಯ ತುದಿಯಲ್ಲಿ ಎರಡು ಕಪ್ಪು ಚುಕ್ಕೆ, ಇರುವೆಯ ಕಣ್ಣುಗಳಂತೆ. ಹಿಂದುಮುಂದು ತಿಳಿಯದ ಇರುವೆ ಹತ್ತಿರ ಬಂದರೆ ಮುಗಿಯಿತು.

ಎಲ್ಲಕ್ಕಿಂತ ಕೆಟ್ಟ ವೇಷ, ಕಲೆಯ ದೃಷ್ಟಿಯಿಂದ ಎಲ್ಲಕ್ಕಿಂತ ಒಳ್ಳೆಯದು, ಫ್ರಿನರಾಕ್ನೆ ಕುಲದ್ದು. ಅದು ಎಲೆಯ ಮೇಲೆ ಬಿದ್ದ ಹಕ್ಕಿಹಿಕ್ಕೆಯಂತಿರುತ್ತದೆ. ಸುತ್ತ ಬಿಳಿ ರೇಷ್ಮೆಯ ತೆಳು ಲೇಪ, ನಡುವೆ ಕಪ್ಪು-ಬಿಳಿ ಮೈ, ಸೋರಿ ಒಣಗಿದ ಗೆರೆಯ ಸಮೇತ. 1880ರ ಆಸುಪಾಸಿನಲ್ಲಿ ಹೆನ್ರಿ ಫೋರ್ಬ್ಸ್ ಎಂಬ ನಿಸರ್ಗಶೋಧಕ ಜಾವಾದ ಕಾಡಿನಲ್ಲಿ ಹಿಕ್ಕೆಯ ಮೇಲೆ ಕೂತ ಚಿಟ್ಟೆಯೊಂದನ್ನು ಮೆಲ್ಲಗೆ ಹಿಡಿದ. ಚಿಟ್ಟೆಯ ಮೈಯ ಒಂದು ಭಾಗ ಹಿಕ್ಕೆಗೆ ಅಂಟಿ ಉಳಿಯಿತು. ಅಂಟು ಎಂಥದೆಂದು ಬೆರಳಿಟ್ಟು ನೋಡಿದರೆ ಹಿಕ್ಕೆಯೇ ಜೇಡ! ಒಮ್ಮೆ ಮೋಸಹೋದವನು ಸುಮಾತ್ರದಲ್ಲಿ ಮತ್ತೊಮ್ಮೆ ಹಾಗೆಯೇ ಮೋಸಹೋದ. ಆ ಪ್ರಭೇದಕ್ಕೆ 1884ರಲ್ಲಿ ಇಟ್ಟ ಹೆಸರು ಡಿಸಿಪಿಯೆನ್ಸ್, ಎಂದರೆ ವಂಚಕ.

ಹೀಗೆ ಎಲ್ಲರೂ ವೇಷ ಕಟ್ಟಿರುವ ಸಂಸಾರದಲ್ಲಿ ಯಾರು ಯಾರ ಮನೆಯವರೆಂದು ಹೇಳುವುದು ಹೇಗೆ? ಬಣ್ಣ ನಂಬುವಂತಿಲ್ಲ, ಕೆಲವು ಏಡಿಜೇಡಗಳು ಕೆಲವೇ ದಿನಗಳಲ್ಲಿ ಬಿಳಿಯಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗುತ್ತವೆ. ಆಕಾರ ನಂಬಿದರೆ ಇರುವೆಯ ಪಾಲಿಗೆ ಆದದ್ದೇ ನಮಗೂ ಆಗುತ್ತದೆ. ಆದ್ದರಿಂದ ಜೇಡತಜ್ಞರು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ವೇಷ ಮುಟ್ಟದ ಜಾಗವನ್ನು. ಬಲಿತ ಗಂಡಿನ ಬಾಯಿಯ ಬದಿಯ ಗಿಡ್ಡ ಕೈಗಳ ತುದಿ ಗುದ್ದಾಟದವರ ಕೈಗವಸಿನಂತೆ ಉಬ್ಬಿರುತ್ತದೆ. ಅದರಲ್ಲಿ ಕೊಕ್ಕೆ, ಮುಳ್ಳು, ಸುರುಳಿ. ಹೆಣ್ಣಿನ ಹೊಟ್ಟೆಯ ಕೆಳಗೆ ಅದಕ್ಕೆ ಹೊಂದುವ ಗಟ್ಟಿ ಫಲಕ. ಬೀಗ ಮತ್ತು ಕೀಲಿಕೈ ಎನ್ನಬಹುದಾದ ಈ ಭಾಗಗಳ ಚಿತ್ರವನ್ನು ಗೆರೆ ಗೆರೆಯಾಗಿ ಬರೆದು, ಹತ್ತಿರದ ಬಂಧುಗಳ ಚಿತ್ರದೊಂದಿಗೆ ಹೋಲಿಸಿ, ಈಗೀಗ ಡಿಎನ್‌ಎಯನ್ನೂ ಜೊತೆಗಿಟ್ಟು ಸಂಬಂಧ ಹೇಳುತ್ತಾರೆ. ಮರಿ ಜೇಡ ಸಿಕ್ಕರೆ ಅದು ದೊಡ್ಡದಾಗುವವರೆಗೆ ಕಾಯಬೇಕು. ಬೀಗವೂ ಇಲ್ಲದ ಕೀಲಿಯೂ ಇಲ್ಲದ ವಯಸ್ಸಿನಲ್ಲಿ ಹೆಸರು ಹೇಳುವುದು ಕಷ್ಟ.

ಪ್ರಭೇದವೆಂಬುದು ನಾಮಕರಣದ ಹೆಸರಾದರೆ ಕುಲವೆಂಬುದು ನಮ್ಮ ಕರಾವಳಿಯಲ್ಲಿ ಗೋತ್ರದಂತೆ ಹೇಳಿಕೊಳ್ಳುವ ‘ಬಳಿ’ ಇದ್ದ ಹಾಗೆ. ಮಗುವಿಗೆ ಹೆಸರಿಡುವುದು ಒಂದು ಕೆಲಸ; ‘ಇವರು ಈ ಬಳಿಯವರೇ ಅಲ್ಲ’ ಎಂದು ಹತ್ತು ಮನೆಯವರ ಎದುರು ಹೇಳುವುದು ಬೇರೆಯೇ ಕೆಲಸ. ಹೊಸ ಕುಲ ಸ್ಥಾಪಿಸುವವರು ಅದರ ಮಾದರಿ ಪ್ರಭೇದ ಯಾವುದೆಂದು ಗೊತ್ತುಮಾಡಬೇಕು, ಹಳೆಯ ಕುಲಗಳಿಂದ ಅದು ಎಲ್ಲಿ ಬೇರೆಯಾಗುತ್ತದೆಂದು ತೋರಿಸಬೇಕು. ಆರಿಸಿದ ಹೆಸರು ಇಡೀ ಪ್ರಾಣಿಲೋಕದಲ್ಲಿ ಬೇರೆ ಯಾವ ಕುಲಕ್ಕೂ ಇರಬಾರದು. ಮೀನಿಗಿದ್ದರೂ, ಜೀರುಂಡೆಗಿದ್ದರೂ ಅದು ಜೇಡಕ್ಕಿಲ್ಲ.

ಮನೆ ಬದಲಾದ ಗುರುತನ್ನು ಈ ಶಾಸ್ತ್ರ ಮುಚ್ಚಿಡುವುದೂ ಇಲ್ಲ. ಯುರೋಪಿನ ತೋಟಗಳ ಏಡಿಜೇಡ ಮಿಸುಮೆನ ವೇಷಿಯಾಕ್ಕೆ 1757ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಕ್ಲರ್ಕ್. ಅವನ ಕಾಲಕ್ಕೆ ಜೇಡಗಳೆಲ್ಲ ಅರೇನಿಯಸ್ ಎಂಬ ಒಂದೇ ಛತ್ರದಲ್ಲಿದ್ದವು. ಆಮೇಲೆ ಅದು ಬೇರೆ ಮನೆಗೆ ಹೋಯಿತು. ಹಾಗಾಗಿ ಇಂದಿಗೂ ಆ ಹೆಸರಿನ ಮುಂದೆ ಕ್ಲರ್ಕನನ್ನೂ ಇಸವಿಯನ್ನೂ ಆವರಣ ಚಿಹ್ನೆಯೊಳಗೆ ಬರೆಯುತ್ತಾರೆ. ಎರಡು ಪುಟ್ಟ ಕಂಸ, ಅಷ್ಟೇ. ಓದಬಲ್ಲವರಿಗೆ ಅದರರ್ಥ: ಈ ಜೀವ ಹುಟ್ಟಿದ ಮನೆ ಬೇರೆ, ಈಗಿರುವ ಮನೆ ಬೇರೆ. ಹೆಸರಿನ ಹಿಂದೆ ಕುಂದಾಪುರವನ್ನೂ ಆಧಾರ್ ಕಾರ್ಡಿನಲ್ಲಿ ಡೊಂಬಿವಲಿಯನ್ನೂ ಇಟ್ಟುಕೊಂಡ ನನಗೆ ಈ ಕಂಸ ತಟ್ಟನೆ ಅರ್ಥವಾಯಿತು.

ನಮ್ಮದೇ ಏಡಿಜೇಡವೊಂದಕ್ಕೆ ಆ ಕಂಸ ಬೀಳಲು ಐವತ್ತು ವರ್ಷ ಹಿಡಿಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ.ಕೆ. ಟಿಕೇದಾರ್ ನಮ್ಮ ದೇಶದ ಜೇಡಗಳಿಗೆ ಕುಲಗೋತ್ರ ಬರೆದುಕೊಟ್ಟವರು; 1980ರಲ್ಲಿ ಬಂದ ‘ಫಾನಾ ಆಫ್ ಇಂಡಿಯಾ’ ಮಾಲೆಯಲ್ಲಿ ಏಡಿಜೇಡಗಳ ಸಂಪುಟ ಅವರದೇ. 1960ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರು ಒಂದು ಪುಟಾಣಿ ಏಡಿಜೇಡವನ್ನು ವಿವರಿಸಿ, ಆಗ ಹೊಂದುವಂತೆ ಕಂಡ ಕ್ಸಿಸ್ಟಿಕಸ್ ಕುಲದಲ್ಲಿಟ್ಟು, ಮಿನುಟಸ್ ಎಂದು ಹೆಸರಿಟ್ಟರು. ಮಿನುಟಸ್ ಎಂದರೆ ಚಿಕ್ಕದು. ಕ್ಸಿಸ್ಟಿಕಸ್ ಮುಖ್ಯವಾಗಿ ಉತ್ತರದ ತಂಪು ನಾಡುಗಳ ದೊಡ್ಡ ಕುಲ. 2010ರಲ್ಲಿ ಶ್ರೀಲಂಕಾದ ಸುರೇಶ್ ಬೆಂಜಮಿನ್ ಮತ್ತು ಜೀಹಾನ್ ಜಲೀಲ್ ಈ ಚಿಕ್ಕದನ್ನು ಮತ್ತೆ ಪರಿಶೀಲಿಸಿ, ಇದು ಆ ಬಳಿಯದಲ್ಲ ಎಂದರು. ಇಂಡೊಕ್ಸಿಸ್ಟಿಕಸ್ ಎಂಬ ಹೊಸ ಕುಲವೇ ಹುಟ್ಟಿತು. ಚೀನಾದಿಂದಲೂ ಅದೇ ಕುಲಕ್ಕೆ ಸದಸ್ಯರು ಬಂದರು. ಟಿಕೇದಾರರ ಹೆಸರು ಅಳಿಯಲಿಲ್ಲ, ಕಂಸದೊಳಗೆ ಸೇರಿತು. ಹೊಸ ಕುಲ ಎಂದಾಗ ಟಾರ್ಚು ಹಿಡಿದು ದಟ್ಟ ಕಾಡಿಗೆ ನುಗ್ಗುವವರು ಕಣ್ಣಿಗೆ ಕಟ್ಟುತ್ತಾರೆ. ಆದರೆ ಎಷ್ಟೋ ಸಲ ಅದು ಸಿಗುವುದು ಮೊದಲೇ ಹೆಸರು ಅಂಟಿಸಿದ ಸೀಸೆಯಲ್ಲಿ.

ನನ್ನ ಬಾಲ್ಕನಿಯ ಜೇಡಕ್ಕೆ ಕುಲವೇನೋ ಸಿಕ್ಕಿತ್ತು, ಪ್ರಭೇದ ಬೇಕಿತ್ತು. ರಜೆಯಿದ್ದಾಗಲೆಲ್ಲ ಜೇಡ ಹುಡುಕುತ್ತ ಅಲೆಯುವ ಗೆಳೆಯನೊಬ್ಬನಿಗೆ ಫೋಟೊ ಕಳಿಸಿದೆ. ಹೆಸರು ಹೇಳುವ ಬದಲು ಅವನು ಪ್ರಶ್ನೆ ಕೇಳಿದ: ‘ಎಲ್ಲಿ ಸಿಕ್ಕಿತು?’

‘ಕಲ್ಯಾಣದ ಮಾರ್ಕೆಟ್ಟಿನಲ್ಲಿ, ಸೇವಂತಿಗೆ ಬುಟ್ಟಿಯಲ್ಲಿ.’

‘ಅದು ಮಾರಿದ ಜಾಗವಾಯಿತು. ಊರು ಯಾವುದು?’

ನನ್ನಲ್ಲಿ ಉತ್ತರವಿರಲಿಲ್ಲ. ಸಂಗ್ರಹಾಲಯದ ಸೀಸೆಯೊಳಗಿನ ಚೀಟಿಯಲ್ಲಿ ಜಾಗ, ಅಕ್ಷಾಂಶ ರೇಖಾಂಶ, ದಿನಾಂಕ, ಹಿಡಿದವರ ಹೆಸರು ಇರಬೇಕು. ಹೊಸ ಪ್ರಭೇದವಾದರೆ ಮೊದಲ ಮಾದರಿ ಸಿಕ್ಕ ಜಾಗವೇ ಅದರ ಮೂಲನೆಲೆಯೆಂದು ದಾಖಲಾಗುತ್ತದೆ. ಮುಂದೆ ಸಂಶಯ ಬಂದವರು ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಊರಿಲ್ಲದ ಜೇಡ ಎಷ್ಟು ಚೆಂದವಿದ್ದರೂ ಶಾಸ್ತ್ರಕ್ಕೆ ಅರ್ಧ ಜೇಡ. ಗೆಳೆಯ ಹೇಳಿದ್ದು ವಿಜ್ಞಾನ, ಆದರೆ ಪ್ರಶ್ನೆ ಮಾತ್ರ ನಮ್ಮ ಹಳೆಯದು. ಲೋಕಲ್ ಟ್ರೇನಿನಲ್ಲಿ ಎದುರು ಕೂತವರ ಬಾಯಲ್ಲಿ ಕನ್ನಡ ಕೇಳಿದರೆ ನಾವು ಹೆಸರು ಕೇಳುವ ಮೊದಲು ಕೇಳುವುದೂ ಅದನ್ನೇ: ನಿಮ್ಮ ಊರು ಯಾವುದು?

ಡೊಂಬಿವಲಿ ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಹುಟ್ಟಿ, ಇಲ್ಲಿ ಓದಿ, ಇಲ್ಲಿಯೇ ತಲೆ ನರೆತವರೂ ಊರೆಂದರೆ ಹೆಬ್ರಿ, ಬೈಂದೂರು, ಇಂಡಿ, ಜತ್ತ ಎನ್ನುತ್ತಾರೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಅಂದಿನಿಂದ ಈ ಸಾಲಿನ ಊರುಗಳಿಗೆ ಇಳಿಯುವ, ಹತ್ತುವ ಜಾಗವೆಂಬುದೇ ಗುರುತು. ಯಾರ ಮೂಲನೆಲೆಯೂ ಅಲ್ಲ ಎಂಬಂತೆ.

ಜೇಡಗಳು ಹಾಗೆ ಅಂದುಕೊಂಡಿಲ್ಲ. 2021ರಲ್ಲಿ ಧ್ರುವ್ ಪ್ರಜಾಪತಿ ಮತ್ತು ಸಂಗಡಿಗರು ‘ಆರ್ತ್ರೊಪೋಡಾ ಸೆಲೆಕ್ಟಾ’ ಎಂಬ ರಷ್ಯದ ಪತ್ರಿಕೆಯಲ್ಲಿ ಎರಡು ಹೊಸ ನೆಗೆಜೇಡಗಳನ್ನು ಪ್ರಕಟಿಸಿದರು. ಎರಡೂ ಸಿಕ್ಕಿದ್ದು ಇದೇ ಥಾಣೆ-ಕಲ್ಯಾಣ ಭಾಗದಲ್ಲಿ. ಒಂದು ಫಿಂಟೆಲ್ಲ ಚೋಲ್ಕೆಯಿ. ಇನ್ನೊಂದು ಐಸಿಯಸ್ ತುಕಾರಾಮಿ. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ, ಮುಂಬೈ ಮೇಲೆ ದಾಳಿಯಿಟ್ಟ ಉಗ್ರ ಕಸಬನ ಬಂದೂಕಿನ ನಳಿಗೆಯನ್ನೇ ಹಿಡಿದು, ಗುಂಡುಗಳನ್ನು ಮೈಮೇಲೆ ತೆಗೆದುಕೊಂಡು, ಅವನು ಜೀವಂತ ಸಿಕ್ಕಿಬೀಳುವಂತೆ ಮಾಡಿದ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬಳೆಯವರ ನೆನಪಿಗೆ ಇಟ್ಟ ಹೆಸರದು. ಮರಣೋತ್ತರ ಅಶೋಕ ಚಕ್ರ ಪಡೆದವರ ಹೆಸರನ್ನು ಬೆರಳ ಉಗುರಿಗಿಂತ ಚಿಕ್ಕದೊಂದು ಜೀವ ಹೊತ್ತಿದೆ. ಬಲೆ ನೇಯದೆ, ನೋಡಿ, ಅಳೆದು, ಎಗರಿ ಹಿಡಿಯುವುದು ನೆಗೆಜೇಡದ ಜಾಯಮಾನ. ಬರಿಗೈಯಲ್ಲಿ ಹಿಡಿದವರ ಹೆಸರು ಅದಕ್ಕೆ ಒಪ್ಪುತ್ತದೆ. ನಾವು ದಿನಾ ಬಾಗಿಲಿಗೆ ಜೋತುಬಿದ್ದು ದಾಟುವ ಪ್ರದೇಶ ಒಂದು ಜೀವಕ್ಕೆ ಮೂಲನೆಲೆಯಾಗಿ ಜಗತ್ತಿನ ಜೇಡಗಳ ಪಟ್ಟಿಗೆ ಸೇರಿತು. ಮರುವರ್ಷವೇ ಆ ಪಟ್ಟಿ ಐವತ್ತು ಸಾವಿರ ಪ್ರಭೇದ ದಾಟಿತು.

ಊರನ್ನು ಕುಲನಾಮದಲ್ಲೇ ಇಟ್ಟುಕೊಂಡ ಜೇಡವೂ ಇದೆ, ಅದೂ ಕನ್ನಡದಲ್ಲಿ. 2024ರಲ್ಲಿ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಜೊತೆಗಾರರು ‘ಝೂಕೀಸ್’ ಪತ್ರಿಕೆಯಲ್ಲಿ ನೆಗೆಜೇಡಗಳ ಹೊಸ ಕುಲವೊಂದನ್ನು ಸ್ಥಾಪಿಸಿ ತೆಂಕಣ ಎಂದು ಹೆಸರಿಟ್ಟರು. ಈ ಕುಲದವು ದಕ್ಷಿಣದವು, ಅದಕ್ಕೇ ತೆಂಕಣ. ಪಂಪನ ಕಾಲದಿಂದ ನಮ್ಮ ಕಾವ್ಯದಲ್ಲಿ ಗಾಳಿಯಾಗಿ ಸುಳಿದಾಡಿದ ಪದ ಈಗ ಎಂಟು ಕಾಲಿನ ಮೇಲೆ ಓಡಾಡುತ್ತಿದೆ. ಬೇರೆ ಕುಲದಲ್ಲಿದ್ದ ಮನು ಎಂಬ ಪ್ರಭೇದ ಈ ಹೊಸ ಮನೆಗೆ ಬಂತು, ಕಂಸದ ಸಮೇತ. ತುಮಕೂರಿನ ದೇವರಾಯನದುರ್ಗದಲ್ಲಿ ಸಿಕ್ಕ ಹೊಸದಕ್ಕೆ ಅಲ್ಲಿ ಹುಟ್ಟುವ ಹೊಳೆಯ ಹೆಸರು: ತೆಂಕಣ ಜಯಮಂಗಲಿ. ಲ್ಯಾಟಿನ್ ಹೆಸರುಗಳ ನಡುವೆ ಇದನ್ನು ಓದಿದಾಗ, ಪರಊರಿನ ಪ್ಲಾಟ್‌ಫಾರ್ಮಿನಲ್ಲಿ ಯಾರೋ ‘ಓಯ್’ ಎಂದು ಕರೆದಂತಾಯಿತು.

ಬಾಲ್ಕನಿಯಲ್ಲಿ ಅಷ್ಟರಲ್ಲಿ ಬೇರೆಯದೇ ನಡೆದಿತ್ತು. ವಿಜಯದಶಮಿಯ ಮರುದಿನ ಜೇಡ ಹೂವಿನಲ್ಲಿರಲಿಲ್ಲ. ಕೆಳಗೆ ಒಂದು ಎಲೆಯ ಅಂಚು ಮಡಿಚಿಕೊಂಡಿತ್ತು. ಬಲೆಗೆಂದು ಒಂದೆಳೆ ನೂಲೂ ಬಳಸದಿದ್ದ ಜೇಡ ಈಗ ಎಲೆಯ ಮಡಿಕೆಯನ್ನು ನೂಲಿನಿಂದ ಬಿಗಿದು, ಒಳಗೆ ಬಿಳಿಯ ಚಪ್ಪಟೆ ಚೀಲವಿಟ್ಟು, ಅದರ ಮೇಲೆ ಮುಂಗಾಲು ಚಾಚಿ ಮಲಗಿತ್ತು. ಮೊಟ್ಟೆ. ಮಾರುಕಟ್ಟೆಗೆ ಬರುವಾಗಲೇ ಬಸುರಿ! ಮೊರದಂತಿದ್ದ ಹೊಟ್ಟೆ ಚಪ್ಪಟೆಯಾಗಿತ್ತು. ಆಮೇಲೆ ಹೂವಿಗೆ ಜೇನು ಬಂದರೂ ಅದು ಕದಲಲಿಲ್ಲ. ನೀರು ಹಾಕುವಾಗ ಆ ಎಲೆಗೆ ತಾಗದಂತೆ ಹಾಕತೊಡಗಿದವಳು, ದೇವರ ಹೂವಿನಲ್ಲಿ ಹುಳ ತಂದಿರೆಂದು ಬೈದವಳೇ.

ದೀಪಾವಳಿಗೆ ನಾಲ್ಕು ದಿನವಿರುವಾಗ ಎಲೆಯ ಮಡಿಕೆಯಿಂದ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಹೊರಬಿದ್ದವು. ತಾಯಿ ಅಲ್ಲೇ ಸುರುಟಿಕೊಂಡು ಒಣಗಿತ್ತು. ಮರಿಗಳು ಗಿಡದ ತುದಿಗೆ, ಅಲ್ಲಿಂದ ಬಟ್ಟೆ ಒಣಹಾಕುವ ಹಗ್ಗಕ್ಕೆ ಹತ್ತಿದವು. ಒಂದೊಂದೇ ಬಾಲ ಎತ್ತಿ ಗಾಳಿಗೆ ಎಳೆ ಬಿಟ್ಟವು. ಎಳೆ ನನಗೆ ಕಾಣಲಿಲ್ಲ. ಮರಿ ಇದ್ದ ಜಾಗ ಖಾಲಿಯಾದದ್ದು ಕಂಡಿತು. ಕೆಳಗೆ ಕಲ್ಯಾಣದ ಕಡೆಯ ಫಾಸ್ಟ್ ಲೋಕಲ್ ಸದ್ದು ಮಾಡುತ್ತ ಹೋಯಿತು.

ಲಕ್ಷ್ಮೀಪೂಜೆಯ ಹೂವಿಗೆ ಮತ್ತೆ ಅದೇ ಮಾರುಕಟ್ಟೆ, ಅದೇ ತಕ್ಕಡಿ. ಅವಳು ನನ್ನನ್ನು ಮರೆತಿರಲಿಲ್ಲ. ಹೂವಿನ ಹುಳ ಡಬ್ಬಿಯಲ್ಲಿ ಒಯ್ಯುವ ಗಿರಾಕಿ ದಿನಾ ಸಿಗುವುದಿಲ್ಲವಲ್ಲ. ಕೋಳಿ ಏನಾಯಿತು ಎಂದು ಕೇಳಿದಳು. ಆ ದಿನದ ಸೇವಂತಿಗೆ ಯಾವ ಊರಿನದು ಮಾವಶಿ ಎಂದು ನಾನು ಕೇಳಿದೆ. ಜುನ್ನರದ್ದೋ, ನಗರದ್ದೋ, ನಾಶಿಕದ್ದೋ. ರಾತ್ರಿ ಮೂಟೆ ಬಿಚ್ಚುವಾಗ ಯಾರು ನೋಡುತ್ತಾರೆ ಎಂದಳು. ಮೊಟ್ಟೆ, ಮರಿ, ಹಗ್ಗ, ಗಾಳಿ ಎಲ್ಲವನ್ನೂ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವಳು ತೂಕದ ಕಲ್ಲು ಬದಲಿಸುತ್ತ ತಲೆಯೆತ್ತದೆ ಅಂದಳು:

‘ಮಗ್ ಪಿಲ್ಲಂ ಡೊಂಬಿವಲಿಕರ್ ಝಾಲಿ ಕೀ!’

ಮತ್ತೇನು, ಮರಿಗಳು ಡೊಂಬಿವಲಿಯವರಾದವಲ್ಲ.